ಟೊಳ್ಳು ಮೆಟ್ಟಿಲುಗಳ ವಿರುದ್ಧ ಒಂದು ತಕರಾರು

ಈ ಪುಟದಲ್ಲಿ ಬರೆಯದೆ ಎರಡು ತಿಂಗಳ ಮೇಲಾಯಿತು. ಕುಶಲ ವಿಚಾರಿಸಿ ಫೋನು ಮಾಡಿದ ಹಳೆಯ ವಿದ್ಯಾರ್ಥಿಗಳಿಗೂ, "ಅತ್ತಿಗೆಯ ಕೈ ಹೇಗಿದೆ?" ಎಂದು ಕೇಳುತ್ತಲೇ ಇರುವ ಬಂಧುಗಳಿಗೂ ಒಟ್ಟಾಗಿ ಉತ್ತರಿಸುತ್ತಿದ್ದೇನೆ. ನನ್ನ ಶ್ರೀಮತಿಯ ಬಲಗೈಯ ಪ್ಲಾಸ್ಟರನ್ನು ಹೋದ ವಾರ ಬಿಚ್ಚಿದರು. ಮಣಿಕಟ್ಟಿನ ಮೂಳೆ ಕೂಡಿಕೊಂಡಿದೆ. ಕೊಡ ಎತ್ತುವಂತಿಲ್ಲ, ಕಾಯಿ ತುರಿಯುವಂತಿಲ್ಲ. ನಲವತ್ತಾರು ವರ್ಷ ಆಕೆಯ ಅಡುಗೆ ಉಂಡ ನಾನು ಈಗ ಅಡುಗೆಮನೆಯಲ್ಲಿ ಶಿಷ್ಯವೃತ್ತಿ ನಡೆಸುತ್ತಿದ್ದೇನೆ. ಗುರುಗಳು ಬಲು ಕಟ್ಟುನಿಟ್ಟು.

ಆಕೆ ಬಿದ್ದದ್ದು ಬಾವಿಕಟ್ಟೆಯಲ್ಲಿ ಅಲ್ಲ, ತೋಟದ ಸಂಕದ ಮೇಲೂ ಅಲ್ಲ. ನಮ್ಮದೇ ಮನೆಯ ಮುಂದಿನ ಎರಡನೆಯ ಮೆಟ್ಟಿಲಿನ ಮೇಲೆ. ತುಳಸಿಕಟ್ಟೆಗೆ ನೀರೆರೆದು ಮರಳುವಾಗ ಕಾಲಿಟ್ಟ ಟೈಲು ಬುಡದಿಂದ ಬಿಟ್ಟುಕೊಂಡು ಮುಂದಕ್ಕೆ ಮಗುಚಿತು. ನೋಡಲು ಬಂದವರೆಲ್ಲ ಮಳೆಗಾಲ ಎಂದರು, ವಯಸ್ಸು ಎಂದರು, ಗ್ರಹಚಾರ ಎಂದರು. ಈ ಮೂರನ್ನೂ ನಾನು ಒಪ್ಪುವುದಿಲ್ಲ. ಮಳೆಗಾಲ ನಮ್ಮ ಸೀಮೆಗೆ ಹೊಸದಲ್ಲ; ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಕಾಣುವ ಆಗುಂಬೆ ನಮಗೆ ದೂರವೇನೂ ಅಲ್ಲ. ನನ್ನ ತಾಯಿ ಎಂಬತ್ತು ದಾಟಿದ ಮೇಲೂ ಅದೇ ಜಾಗದ ಮೆಟ್ಟಿಲನ್ನು ಆಷಾಢದ ಮಳೆಯಲ್ಲಿ ಬರಿಗಾಲಿನಲ್ಲಿ ಹತ್ತಿ ಇಳಿಯುತ್ತಿದ್ದರು. ಅಂದು ಅಲ್ಲಿದ್ದುದು ಒರಟು ಚಾಣದ ಗುರುತುಳ್ಳ ಹಾಸುಗಲ್ಲು. ಇಂದು ಅಲ್ಲಿರುವುದು ಟೈಲು.

ಬಿದ್ದ ಮರುದಿನ ಆ ಟೈಲನ್ನು ಎತ್ತಿ ನೋಡಿದೆ. ಅದರ ಬೆನ್ನು ತೊಳೆದಿಟ್ಟ ತಟ್ಟೆಯಷ್ಟು ಶುಭ್ರವಾಗಿತ್ತು. ಸಿಮೆಂಟಿನ ಐದು ಮುದ್ದೆಗಳು, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಕೆಳಗಿನ ಕಾಂಕ್ರೀಟಿಗೆ ಅಂಟಿಕೊಂಡು ಅಲ್ಲಿಯೇ ಉಳಿದಿದ್ದವು. ಅವುಗಳ ನಡುವಿನ ಪೊಳ್ಳಿನಲ್ಲಿ ಕೆಸರುನೀರು, ಹಸಿರು ಪಾಚಿ ಮತ್ತು ಇರುವೆಗಳ ಒಂದು ತುಂಬು ಸಂಸಾರ. ಆರು ವರ್ಷ ನಾವು ಹತ್ತಿ ಇಳಿದದ್ದು ಮೆಟ್ಟಿಲನ್ನಲ್ಲ, ಐದು ಮುದ್ದೆಗಳ ಮೇಲೆ ಕೂರಿಸಿದ ಒಂದು ಮುಚ್ಚಳವನ್ನು!

ತಪ್ಪಿನ ಪಾಲು ನನಗೂ ಇದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೊಮ್ಮಗನ ಉಪನಯನಕ್ಕೆ ಮನೆಯ ಮುಂಭಾಗ "ಸ್ವಲ್ಪ ಲಕ್ಷಣವಾಗಿರಲಿ" ಎಂದು ಕಲ್ಲನ್ನು ಕೀಳಿಸಿ ಕಾಂಕ್ರೀಟಿನ ಮೆಟ್ಟಿಲು ಹಾಕಿಸಿದವನು ನಾನೇ. ಕಾಂಕ್ರೀಟು ಸುರಿದು ಹತ್ತು ದಿನಕ್ಕೆ, ಚಪ್ಪರದ ಕಂಬ ನೆಡುವ ಹಿಂದಿನ ದಿನ, ಟೈಲು ಹಾಕಿಸಿದವನೂ ನಾನೇ. ಮೇಸ್ತ್ರಿ "ಇನ್ನೂ ಹದಿನೈದು ದಿನ ತಾಳಿ ಸಾರ್" ಎಂದಿದ್ದ. ನಾನು ಮುಹೂರ್ತದ ಮಾತು ಹೇಳಿ ಅವನ ಬಾಯಿ ಮುಚ್ಚಿಸಿದೆ. ಎರಡು ವರ್ಷದ ಹಿಂದೆ ಅದೇ ಟೈಲು ನಡೆಯುವಾಗ ಟೊಕ್ ಟೊಕ್ ಎಂದು ಸದ್ದು ಮಾಡತೊಡಗಿದಾಗ ಸಂದಿಗೆ ಸಿಮೆಂಟಿನ ತಿಳಿ ಸುರಿದು, ಮೇಲೊಂದು ಹೂಕುಂಡ ಇಟ್ಟು, ಕೆಲಸ ಮುಗಿಯಿತೆಂದು ಕೈ ತೊಳೆದುಕೊಂಡದ್ದೂ ಉಂಟು. ಹೂಕುಂಡವನ್ನು ಯಾರೋ ಸರಿಸಿದರು. ಅಷ್ಟೇ.

ಈಗ ತಕರಾರಿಗೆ ಬರುತ್ತೇನೆ. ನಿಮ್ಮಲ್ಲಿ ಹಲವರು ಮನೆ ಕಟ್ಟಿಸುತ್ತಿದ್ದೀರಿ. ಗೃಹಪ್ರವೇಶದ ಚಿತ್ರಗಳನ್ನು ಕಳಿಸುತ್ತೀರಿ. ಪ್ರತಿಯೊಂದರಲ್ಲೂ ಕನ್ನಡಿಯಂತೆ ಹೊಳೆಯುವ ಮೆಟ್ಟಿಲು. ಮನೆಯೊಳಗಿನ ನಡುಮನೆಗೆ ಹಾಸುವ ವಸ್ತುವನ್ನೇ, ಅದೇ ರೀತಿಯಲ್ಲಿ, ಬಿಸಿಲು ಮಳೆ ಎರಡೂ ಬಡಿಯುವ ಹೊರಮೆಟ್ಟಿಲಿಗೂ ಹಾಸುವುದು ಅವಿವೇಕ ಎಂಬುದು ನನ್ನ ವಾದ. ಇದು ಹಳಬನ ಗೊಣಗಾಟವಲ್ಲ. ನೀವು ನನ್ನ ತರಗತಿಯಲ್ಲಿ ಕಲಿತ ಪಾಠವೇ ನನಗೆ ಸಾಕ್ಷಿ.

ಸೀಮೆಸುಣ್ಣ ಕಪ್ಪುಹಲಗೆಯ ಮೇಲೆ ಮೂಡುತ್ತದೆ, ಕಿಟಕಿಯ ಗಾಜಿನ ಮೇಲೆ ಮೂಡುವುದಿಲ್ಲ. ಏಕೆ ಎಂದು ಕೇಳಿದ್ದು ನೆನಪಿದೆಯೇ? ಹಲಗೆ ಒರಟು, ಗಾಜು ನುಣುಪು. ಹಳೆಯ ಮಣ್ಣಿನ ಬಿಲ್ಲೆಗಳಲ್ಲಿ ಸೂಕ್ಷ್ಮ ರಂಧ್ರಗಳಿದ್ದವು. ಸಿಮೆಂಟಿನ ಹಾಲು ಅವುಗಳೊಳಗೆ ಇಳಿದು ಗಟ್ಟಿಯಾಗಿ ಬೇರಿನಂತೆ ಹಿಡಿಯುತ್ತಿತ್ತು. ಈಗ ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ಬರುವ ವಿಟ್ರಿಫೈಡ್ ಟೈಲು ಹೆಚ್ಚುಕಡಿಮೆ ಗಾಜಿನ ಜಾತಿ. ಅದು ಹೀರುವ ನೀರು ತೂಕದ ನೂರಕ್ಕೆ ಅರ್ಧ ಪಾಲಿಗಿಂತಲೂ ಕಡಿಮೆ. ಅದಕ್ಕೆ ಬರಿಯ ಸಿಮೆಂಟು ಹಿಡಿಯಲು ಬೇರು ಬಿಡುವ ಜಾಗವೇ ಇಲ್ಲ. ಸಾಲದ್ದಕ್ಕೆ, ಭಟ್ಟಿಯ ಉರುಳೆಗಳಿಗೆ ಅಂಟದಿರಲೆಂದು ಬಳಿದ ಬಿಳಿಯ ಪುಡಿ ಅದರ ಬೆನ್ನಿನಲ್ಲಿ ಉಳಿದಿರುತ್ತದೆ. ಅದನ್ನು ಒದ್ದೆ ಬಟ್ಟೆಯಿಂದ ಒರೆಸುವವರನ್ನು ನಾನಂತೂ ನಮ್ಮೂರಿನಲ್ಲಿ ಕಂಡಿಲ್ಲ.

ಕಾಯಿಸಿದ ಹಿತ್ತಾಳೆಯ ಗುಂಡು ಉಂಗುರದೊಳಗೆ ತೂರದು ಎಂಬ ಪ್ರಯೋಗವನ್ನೂ ಮರೆತಿರಲಾರಿರಿ. (ಆ ಗುಂಡನ್ನು ಮುಟ್ಟಿ ಬೆರಳು ಸುಟ್ಟುಕೊಂಡ ಮಹಾಶಯ ಇಂದು ಬ್ಯಾಂಕಿನ ಅಧಿಕಾರಿ!) ಕಾಂಕ್ರೀಟೂ ಹಿಗ್ಗುತ್ತದೆ, ಟೈಲೂ ಹಿಗ್ಗುತ್ತದೆ, ಆದರೆ ಸಮನಾಗಿ ಅಲ್ಲ. ಮೂವತ್ತು ಡಿಗ್ರಿ ಶಾಖ ಏರಿದರೆ ಒಂದು ಮೀಟರ್ ಉದ್ದದ ಕಾಂಕ್ರೀಟು ಸುಮಾರು 0.3 ಮಿಲಿಮೀಟರ್ ಬೆಳೆಯುತ್ತದೆ. ಟೈಲು ಸುಮಾರು 0.2. ಇಷ್ಟಕ್ಕೇನು ಮಹಾ ಎನ್ನಬೇಡಿ. ಪಶ್ಚಿಮದ ಬಿಸಿಲಿಗೆ ಕಾದು ಕಾವಲಿಯಾದ ಮೆಟ್ಟಿಲಿನ ಮೇಲೆ ಸಂಜೆಯ ಮಳೆ ಸುರಿದಾಗ ಈ ಎಳೆದಾಟ ಒಮ್ಮೆಲೇ ನಡೆಯುತ್ತದೆ, ದಿನ ದಿನವೂ ನಡೆಯುತ್ತದೆ. ಹೊಸ ಕಾಂಕ್ರೀಟಾದರೋ ಒಣಗುತ್ತ ಕುಗ್ಗುತ್ತದೆ ಕೂಡ, ಟೈಲು ಕುಗ್ಗುವುದಿಲ್ಲ. ಇಪ್ಪತ್ತೆಂಟು ದಿನ ಕಾಯಿರಿ ಎನ್ನುವುದು ಅದಕ್ಕಾಗಿ. ಟೈಲುಗಳ ನಡುವೆ ಸಂದಿಯೇ ಇಲ್ಲದೆ "ಒಂದೇ ಹಾಳೆಯಂತೆ" ಜೋಡಿಸಿದರೆ ಈ ಹಿಗ್ಗು ಕುಗ್ಗುಗಳಿಗೆ ಹೋಗಲು ದಾರಿಯೆಲ್ಲಿ? ಟೈಲು ಬೆನ್ನು ಬಿಡುತ್ತದೆ. ಬಿಟ್ಟ ಜಾಗಕ್ಕೆ ನೀರು ಇಳಿಯುತ್ತದೆ. ಆಮೇಲಿನದು ಇರುವೆಗಳಿಗೆ ಗೊತ್ತು.

ಹಾಗಾದರೆ ಹೇಗೆ ಹಾಕಬೇಕು? ಈ ಎರಡು ತಿಂಗಳಲ್ಲಿ ಇಬ್ಬರು ಮೇಸ್ತ್ರಿಗಳ ಬಳಿಯೂ, ಸಿವಿಲ್ ಎಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿಯೂ ಕುಳಿತು ಕಲಿತದ್ದನ್ನು ಹೇಳುತ್ತೇನೆ. ಮೊದಲು ಕಾಂಕ್ರೀಟನ್ನು ಸುತ್ತಿಗೆಯಿಂದ ಬಡಿದು ನೋಡಬೇಕು. ಸಡಿಲವಾದದ್ದನ್ನೆಲ್ಲ ಕೆತ್ತಿ ತೆಗೆಯಬೇಕು. ನುಣ್ಣಗಿದ್ದರೆ ಉಳಿಯಿಂದ ಕಚ್ಚು ಹೊಡೆಯಬೇಕು. ಪಾಚಿ, ಎಣ್ಣೆ, ಹಳೆಯ ಬಣ್ಣ ಒಂದೂ ಉಳಿಯಬಾರದು. ಒಂದಡಿ ಅಗಲದ ಮೆಟ್ಟಿಲಿಗೆ ನಾಲ್ಕೈದು ಮಿಲಿಮೀಟರ್ ಇಳಿಜಾರು ಹೊರಮುಖವಾಗಿ ಇರಬೇಕು, ಮತ್ತು ಅದನ್ನು ಟೈಲು ಹಾಕುವಾಗ ಮುದ್ದೆ ದಪ್ಪ ಮಾಡಿ ತರುವುದಲ್ಲ. ಕಾಂಕ್ರೀಟಿನಲ್ಲಿಯೇ, ಇಲ್ಲವೇ ಅದಕ್ಕೆ ಹಾಕುವ ಗಾರೆಯಲ್ಲಿಯೇ ತಂದಿರಬೇಕು.

ಅಂಟಿಸಲು ಟೈಲ್ ಅಡೆಸಿವ್ ಎಂಬ ಪುಡಿ ಚೀಲಗಳಲ್ಲಿ ಸಿಗುತ್ತದೆ. ಚೀಲದ ಮೇಲೆ ಐ.ಎಸ್. 15477 ಎಂಬ ಭಾರತೀಯ ಮಾನಕದ ಸಂಖ್ಯೆಯನ್ನೂ, ಹೊರಾಂಗಣಕ್ಕೂ ವಿಟ್ರಿಫೈಡ್ ಟೈಲಿಗೂ ಸಲ್ಲುತ್ತದೆ ಎಂಬ ಮಾತನ್ನೂ ಓದಿಯೇ ಕೊಳ್ಳಿ. ಹೇಳಿದಷ್ಟೇ ನೀರಿಗೆ ಪುಡಿ ಕಲಸಿ, ಐದು ನಿಮಿಷ ಬಿಟ್ಟು, ಮತ್ತೆ ಕಲಸಬೇಕು. ಹಲ್ಲುಳ್ಳ ಕರಣೆಯಿಂದ ಒಂದೇ ದಿಕ್ಕಿಗೆ ಗೆರೆ ಎಳೆದು ಹರಡಬೇಕು. ಟೈಲಿನ ಬೆನ್ನನ್ನು ಒರೆಸಿ, ಅದಕ್ಕೂ ತೆಳುವಾಗಿ ಬಳಿದು, ಒತ್ತಿ ತುಸು ಜಾರಿಸಿ ಕೂರಿಸಬೇಕು. ಹಾಕಿದ ಮೊದಲ ಟೈಲನ್ನು ಆಗಲೇ ಎತ್ತಿ ನೋಡಿ. ಬೆನ್ನಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಅಂಟು ಮೆತ್ತಿರಬೇಕು. ಹೊರಮೆಟ್ಟಿಲಿಗೆ ಅದಕ್ಕಿಂತ ಕಡಿಮೆ ಸಲ್ಲದು. ಮುಖ್ಯವಾಗಿ ಮುಂದಿನ ಅಂಚಿನಡಿ ಕೂದಲೆಳೆಯಷ್ಟೂ ಪೊಳ್ಳು ಇರಕೂಡದು, ಏಕೆಂದರೆ ಇಳಿಯುವವರ ಇಡೀ ಭಾರ ಬೀಳುವುದು ಅಲ್ಲಿ. ನಿಂತ ಟೈಲನ್ನು ಮೊದಲು ಹಾಕಿ, ಕಾಲಿಡುವ ಟೈಲು ಅದರ ನೆತ್ತಿಯನ್ನು ಮುಚ್ಚುವಂತೆ ಕೂರಿಸಿದರೆ ನೀರು ಒಳಗಿಳಿಯದು. ಸಂದಿ ಮೂರು ಮಿಲಿಮೀಟರಾದರೂ ಇರಲಿ, ಗೋಡೆಗೆ ತಾಗುವಲ್ಲಿ ಬಗ್ಗುವಂಥ ಸೀಲೆಂಟು ತುಂಬಲಿ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಈ ಕೆಲಸ ಬೇಡ. ಹರಡಿದ ಅಂಟು ಇಪ್ಪತ್ತು ನಿಮಿಷದೊಳಗೆ ಕೆನೆಗಟ್ಟಿ ನಿರುಪಯೋಗಿಯಾಗುತ್ತದೆ. ಒಂದು ದಿನ ಯಾರೂ ಕಾಲಿಡಬಾರದು. ಬೆಕ್ಕಿಗೆ ವಿನಾಯಿತಿ.

ಇನ್ನು ಹೊಳಪು. "ಒರಟು ಟೈಲಿನಲ್ಲಿ ಕೊಳೆ ಕೂರುತ್ತದೆ ಮಾವ" ಎಂದು ನನ್ನ ಸೋದರ ಸೊಸೆ ವಾದಿಸಿದಳು. ಕೂರುತ್ತದೆ, ನಿಜ, ಪೊರಕೆ ಇದೆಯಲ್ಲ! ಕೊಳೆಯನ್ನು ಉಜ್ಜಿ ತೆಗೆಯಬಹುದು, ಮುರಿದ ಮಣಿಕಟ್ಟನ್ನು ಉಜ್ಜಲಾಗದು. ಜಾರದ ಗುಣವನ್ನು ಆರ್ 9 ರಿಂದ ಆರ್ 13 ರವರೆಗೆ ಅಳೆಯುವ ಜರ್ಮನ್ ಪದ್ಧತಿಯೊಂದಿದೆ. ಎಣ್ಣೆ ಸವರಿದ ಇಳಿಜಾರಿನ ಮೇಲೆ ಮನುಷ್ಯರನ್ನೇ ನಡೆಸಿ, ಎಷ್ಟು ಕೋನಕ್ಕೆ ಜಾರುತ್ತಾರೆಂದು ನೋಡುತ್ತಾರೆ. ಆರ್ 9 ಎಂದರೆ ಆರರಿಂದ ಹತ್ತು ಡಿಗ್ರಿ. ಆರ್ 11 ಎಂದರೆ ಹತ್ತೊಂಬತ್ತರಿಂದ ಇಪ್ಪತ್ತೇಳು. ಹೊರಮೆಟ್ಟಿಲಿಗೆ ಆರ್ 11 ಕೇಳಿ ತನ್ನಿ. ಅಂಗಡಿಯವನು "ಆಂಟಿಸ್ಕಿಡ್ಡೇ ಸಾರ್" ಎಂದರೆ ಪೆಟ್ಟಿಗೆಯ ಮೇಲೆ ಎಲ್ಲಿ ಬರೆದಿದೆ ಎಂದು ಕೇಳಿ.

ಅಂಟು ದುಬಾರಿ ಎನ್ನುವವರಿದ್ದಾರೆ. ಮೂರು ಮೆಟ್ಟಿಲಿಗೆ ಬೇಕಾದ ಅಂಟಿನ ಬೆಲೆಯನ್ನೂ ಮೂಳೆ ವೈದ್ಯರ ಬಿಲ್ಲನ್ನೂ ನಾನು ಪಕ್ಕಪಕ್ಕದಲ್ಲಿಟ್ಟು ಕೂಡಿಸಿ ಕಳೆದವನು. ಗಣಿತದ ಮೇಷ್ಟರೊಡನೆ ಆ ವಾದ ಬೇಡ. "ಮೇಸ್ತ್ರಿಗಳು ಕೆಟ್ಟುಹೋದರು" ಎನ್ನುವವರೊಡನೆಯೂ ನನಗೆ ಜಗಳವಿದೆ. ಚದರಡಿಗೆ ಇಷ್ಟು ಎಂದು ಚೌಕಾಸಿ ಮಾಡಿ, ಇಂಥ ದಿನದೊಳಗೆ ಮುಗಿಸು ಎಂದು ಮುಹೂರ್ತದ ಹಗ್ಗ ಬಿಗಿದವರು ನಾವು. ಐದು ಮುದ್ದೆಯ ಕೆಲಸ ಆ ಚೌಕಾಸಿಯ ಕೂಸು.

ನಮ್ಮ ಮೂರೂ ಮೆಟ್ಟಿಲಿನ ಟೈಲುಗಳನ್ನು ಕಿತ್ತಿದ್ದೇನೆ. ಹದಿನಾಲ್ಕರಲ್ಲಿ ಹನ್ನೊಂದು, ಸುತ್ತಿಗೆಯ ಏಟಿಲ್ಲದೆ ಬರಿಗೈಗೆ ಬಂದವು. ಹಳೆಯ ಹಾಸುಗಲ್ಲುಗಳು ಹಿತ್ತಿಲ ಬಟ್ಟೆ ಒಗೆಯುವ ಜಾಗದಲ್ಲಿವೆ; ಅವನ್ನೇ ಮರಳಿ ತರಬೇಕೆಂಬುದು ಶ್ರೀಮತಿಯ ಅಭಿಪ್ರಾಯ. ಕಲ್ಲೋ ಟೈಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಮಳೆ ಬಿಡುವವರೆಗೆ ಕೆಲಸ ಹಿಡಿಯುವಂತೆಯೂ ಇಲ್ಲ. ದೀಪಾವಳಿಗೆ ಬರುವವರು ಹಿತ್ತಿಲ ಬಾಗಿಲಿನಿಂದ ಬನ್ನಿ. ಬರುವ ಮುನ್ನ ನಿಮ್ಮ ಮನೆಯ ಹೊರಮೆಟ್ಟಿಲನ್ನು ಒಂದು ರೂಪಾಯಿಯ ನಾಣ್ಯದಿಂದ ಮೂಲೆ ಮೂಲೆಗೂ ತಟ್ಟಿ, ಯಾವ ಸದ್ದು ಬಂತೆಂದು ನನಗೆ ಬರೆದು ತಿಳಿಸಿ.