'ಅಮ್ಮನಿಗೆ ಹೇಳಬೇಡ' ಅಂದವರ ಬಗ್ಗೆ

ಏಳೆಂಟು ವರ್ಷದ ಮಗುವಿಗೆ ಆನ್‌ಲೈನ್ ವಂಚನೆಯ ವಿಷಯ ಹೇಳಬೇಕೇ ಎಂದರೆ, 'ಈಗಲೇ ಯಾಕೆ, ಅದರ ಹತ್ತಿರ ದುಡ್ಡೆಲ್ಲಿದೆ?' ಅನ್ನುವವರೇ ಹೆಚ್ಚು. ದುಡ್ಡು ಅಜ್ಜಿಯ ಖಾತೆಯಲ್ಲಿದೆ, ಅಜ್ಜಿಯ ಫೋನು ಮಗುವಿನ ಕೈಯಲ್ಲಿದೆ. 'ಬ್ಯಾಂಕಿನಿಂದ ಮಾತಾಡ್ತಿದೀನಿ ಪುಟ್ಟಾ, ಈಗೊಂದು ಮೆಸೇಜ್ ಬಂತಲ್ಲ, ಅದರಲ್ಲಿರೋ ನಂಬರ್ ಓದು ನೋಡೋಣ' ಅಂದರೆ ಸಾಕು, ಈಚೆಗಷ್ಟೇ ಓದಲು ಕಲಿತ ಮಗು ಒಂದೊಂದೇ ಅಂಕಿಯನ್ನು ಹೆಮ್ಮೆಯಿಂದ ಒಪ್ಪಿಸುತ್ತದೆ.

ನಾವು ಕಲಿಸಿದ್ದನ್ನೇ ಮಗು ಮಾಡಿದೆ. ದೊಡ್ಡವರಿಗೆ ಎದುರು ಮಾತಾಡಬೇಡ, ಹೇಳಿದಷ್ಟು ಮಾಡು ಎಂದೇ ಬೆಳೆಸುತ್ತೇವೆ; ವಂಚಕನಿಗೆ ಬೇಕಾದ್ದೂ ಅಷ್ಟೇ. ಹಾಗಾಗಿ ಒಟಿಪಿ ಕೊಡಬೇಡ, ಲಿಂಕ್ ಒತ್ತಬೇಡ ಎಂಬ ಬೇಡಗಳ ಪಟ್ಟಿ ಬಾಯಿಪಾಠ ಮಾಡಿಸಿದರೆ ಸಾಲದು, ನಾಳೆ ಬರುವವನು ಬೇರೆ ಏನನ್ನೋ ಕೇಳುತ್ತಾನೆ. ಗುರುತಿಲ್ಲದ ದೊಡ್ಡವರ ಮಾತನ್ನು ಅರ್ಧಕ್ಕೇ ಬಿಟ್ಟು ಫೋನ್ ಇಡಬಹುದು, ಅದಕ್ಕೆ ಮನೆಯಲ್ಲಿ ಯಾರೂ ಬೈಯುವುದಿಲ್ಲ ಎಂಬ ಧೈರ್ಯ ಮಗುವಿಗೆ ಮೊದಲು ಬೇಕು.

ಹೀಗೆ ಹೇಳಿದರೆ ಮಕ್ಕಳು ಎಲ್ಲರನ್ನೂ ಅನುಮಾನಿಸಲು ಶುರುಮಾಡುವುದಿಲ್ಲವೇ? ನನಗೆ ಹಾಗನ್ನಿಸುವುದಿಲ್ಲ. ಬ್ರಾಹ್ಮಣನ ಹೆಗಲ ಮೇಲಿನ ಆಡನ್ನು ನಾಯಿಯೆಂದು ನಂಬಿಸಿ ಲಪಟಾಯಿಸಿದ ಮೂವರು ಧೂರ್ತರ ಪಂಚತಂತ್ರದ ಕಥೆಯನ್ನು ಎಷ್ಟು ತಲೆಮಾರುಗಳಿಂದ ಹೇಳುತ್ತಿಲ್ಲ! ಅದನ್ನು ಕೇಳಿ ದಾರಿಹೋಕರಿಗೆ ಹೆದರಿದ ಮಗುವನ್ನು ನಾನಂತೂ ಕಂಡಿಲ್ಲ. ನಾವು ಮಾತ್ರ ಆ ಬ್ರಾಹ್ಮಣನನ್ನು ಪೆದ್ದನೆಂದು ನಕ್ಕು ಕಥೆ ಮುಗಿಸಿಬಿಡುತ್ತೇವೆ. ಅವನು ಒಬ್ಬಂಟಿಯಾಗಿದ್ದ, ಕೇಳಿ ನೋಡೋಣವೆಂದರೆ ತನ್ನವರು ಜೊತೆಗಿರಲಿಲ್ಲ. ಕಥೆಯ ತಿರುಳೇ ಅಲ್ಲಿದೆ. ಓದಿದವರನ್ನೂ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ, ವಿಡಿಯೋ ಕಾಲ್ ಕಟ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ ಎಂದು ಕೋಣೆಯಲ್ಲಿ ಕೂರಿಸುವವರ ವರಸೆಯೂ ಇದೇ. ಅಂಥದೊಂದು ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. 'ಅಮ್ಮನಿಗೆ ಹೇಳಬೇಡ ಅಂತ ಯಾರಾದರೂ ಅಂದರೆ, ಅದನ್ನೇ ಮೊದಲು ಅಮ್ಮನಿಗೆ ಹೇಳು' ಅಂದರೆ ಐದು ವರ್ಷದ ಮಗುವಿಗೂ ತಿಳಿಯುತ್ತದೆ.

ಉಳಿದದ್ದಕ್ಕೆ ಕಿರಾಣಿ ಅಂಗಡಿ ಸಾಕು. ಹಾಲಿನ ಪ್ಯಾಕೆಟ್ ತೆಗೆದುಕೊಂಡು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತುತ್ತೀರಿ. ಅಂಗಡಿಯ ಪುಟ್ಟ ಡಬ್ಬಿ ದುಡ್ಡು ಬಂತೆಂದು ಕೂಗುತ್ತದೆ. ಆಗ ಮಗುವನ್ನು ಕೇಳಿ: 'ಅಂಗಡಿ ಅಂಕಲ್ ಏನು ಒತ್ತಿದರು?' ಏನೂ ಇಲ್ಲ. ದುಡ್ಡು ಕೊಡುವವರು ಪಿನ್ ಒತ್ತಬೇಕು, ಪಡೆಯುವವರು ಒತ್ತಬೇಕಾಗಿಲ್ಲ. 'ನಿಮಗೆ ಬಹುಮಾನ ಬಂದಿದೆ, ಪಡೆಯಲು ಪಿನ್ ಹಾಕಿ' ಅನ್ನುವವನ ಸುಳ್ಳು ಆಮೇಲೆ ಮಗುವಿಗೇ ಹೊಳೆಯುತ್ತದೆ. (ಎಷ್ಟೋ ದೊಡ್ಡವರಿಗೆ ಇದು ಇನ್ನೂ ಹೊಳೆದಿಲ್ಲ.)

ಇಷ್ಟಾದರೂ ಗೇಮ್‌ನ ಪುಕ್ಕಟೆ ಡೈಮಂಡಿನ ಆಸೆಗೆ ಒಮ್ಮೆ ಮೋಸ ಹೋಗಬಹುದು. ಆ ಹೊತ್ತಿಗೆ ಬೈಗುಳ ಬೇಡ, ಏಟಂತೂ ಬೇಡವೇ ಬೇಡ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ಅದು ಖಾತೆಯಿಂದ ಖಾತೆಗೆ ದಾಟಿ ಹೋಗುವ ಮುನ್ನ ಬ್ಯಾಂಕುಗಳು ತಡೆಹಿಡಿಯುವ ಅವಕಾಶವಿದೆ. ಹೆದರಿದ ಮಗು ಎರಡು ದಿನ ಬಿಟ್ಟು ಬಾಯಿಬಿಟ್ಟರೆ ಆ ಹಣ ಕೈಗೆ ಸಿಗುವುದು ಬಲು ಕಷ್ಟ.