ಫಾರ್ಮ್‌ನಲ್ಲಿ ಇಲ್ಲದ ಆಯ್ಕೆ

ಕಳೆದ ವರ್ಷ ಮಾನವ ತಳಿವಿಜ್ಞಾನದ ವಾರ್ಷಿಕ ಸಮ್ಮೇಳನವೊಂದು ನಮ್ಮ ನಗರದಲ್ಲಿ ನಡೆದಾಗ, ನೋಂದಣಿಯ ಆನ್‌ಲೈನ್ ಫಾರ್ಮ್ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಂಪ್ಯೂಟರ್ ಸೈನ್ಸ್ ಬಿ.ಇ. ಮೂರನೇ ವರ್ಷದವನು, ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಜೀವಶಾಸ್ತ್ರಕ್ಕೆ ಕೈಮುಗಿದವನು. ಸರ್ಟಿಫಿಕೇಟ್ ಸಿಗುತ್ತದೆ, ಮೂರು ದಿನ ಒಳ್ಳೆಯ ಊಟ ಎಂಬ ಆಸೆಗೆ ಒಪ್ಪಿಕೊಂಡೆ ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ಸಮ್ಮೇಳನ ಮೂರು ದಿನದ್ದು, ಅದರ ಸಿದ್ಧತೆ ತಿಂಗಳುಗಟ್ಟಲೆಯದ್ದು. ಸಭಾಂಗಣ ಕಾಯ್ದಿರಿಸಬೇಕು, ಭಾಷಣಕಾರರ ದಿನಾಂಕ ಹೊಂದಿಸಬೇಕು. ದೇಶದ ಮೂಲೆಮೂಲೆಯಿಂದ ಬರುವ ಸಂಶೋಧನಾ ಸಾರಾಂಶಗಳನ್ನು ಓದಿ, ಯಾವುದಕ್ಕೆ ವೇದಿಕೆ, ಯಾವುದಕ್ಕೆ ಪೋಸ್ಟರ್ ಎಂದು ಆರಿಸಬೇಕು. ಯಂತ್ರೋಪಕರಣ ಮಾರುವ ಕಂಪನಿಗಳ ಮಳಿಗೆ ಎಲ್ಲಿರಬೇಕು ಎಂಬ ಚರ್ಚೆಗೇ ಒಂದು ಇಡೀ ಸಂಜೆ ಹೋಯಿತು. ಕಾಫಿ ವಿರಾಮ ಹದಿನೈದು ನಿಮಿಷವೋ ಇಪ್ಪತ್ತೋ ಎಂದೂ ವಾದ ನಡೆಯಿತು. ನನ್ನ ಫಾರ್ಮ್‌ನಲ್ಲಿ ‘ನೀವು ಯಾರು?’ ಎಂಬ ಪ್ರಶ್ನೆಗೆ ನಾಲ್ಕು ಆಯ್ಕೆ ಕೊಟ್ಟಿದ್ದೆ: ವಿಜ್ಞಾನಿ, ವೈದ್ಯ, ವಿದ್ಯಾರ್ಥಿ, ಉದ್ಯಮ ಪ್ರತಿನಿಧಿ. ಏನೋ ಬಿಟ್ಟುಹೋಗಿದೆ ಎಂದು ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ಸಹಾಯವಾಣಿ ಎಂದು ಪೋಸ್ಟರ್‌ನಲ್ಲಿ ಹಾಕಿದ್ದು ನನ್ನದೇ ನಂಬರ್. ಒಂದು ಮಧ್ಯಾಹ್ನ ಹಾಸನದ ಕಡೆಯಿಂದ ಒಬ್ಬರು ಫೋನ್ ಮಾಡಿದರು.

“ಸರ್, ಇದು ವಂಶದಿಂದ ಬರೋ ಕಾಯಿಲೆಗಳ ಮೀಟಿಂಗ್ ಅಲ್ವಾ? ನಾವು ಬರಬಹುದಾ?”

“ನೀವು ಡಾಕ್ಟರಾ ಸರ್?”

“ಇಲ್ಲಪ್ಪ, ತೆಂಗಿನ ತೋಟ. ಮಗನಿಗೆ ಡುಶೆನ್ ಇದೆ. ಎರಡು ಸಲ ರಕ್ತ ತಗೊಂಡೋದ್ರು. ಅದೇನಾಯ್ತು ಅಂತ ಕೇಳೋಣ ಅಂತ.”

ಡುಶೆನ್ ಅಂದರೆ ಮಾಂಸಖಂಡಗಳು ವರ್ಷದಿಂದ ವರ್ಷಕ್ಕೆ ಶಕ್ತಿ ಕಳೆದುಕೊಳ್ಳುವ ಕಾಯಿಲೆ, ಬಹುಪಾಲು ಗಂಡುಮಕ್ಕಳಿಗೇ ಬರುವಂಥದ್ದು ಎಂದು ಆಮೇಲೆ ಓದಿ ತಿಳಿದೆ. ಆಗ ಮಾತ್ರ “ಕೇಳಿ ಹೇಳ್ತೀನಿ ಸರ್” ಅಂದೆ. ಸಮಿತಿಯಲ್ಲಿ ಯಾರೂ ಒರಟಾಗಿ ಬೇಡ ಎನ್ನಲಿಲ್ಲ. ‘ಈ ವರ್ಷದ ಯೋಜನೆಯಲ್ಲಿಲ್ಲ, ಮುಂದಿನ ವರ್ಷ ನೋಡೋಣ’ ಎಂದರು. ಹೊರಗಿನವರ ನೋಂದಣಿ ಶುಲ್ಕವೋ, ನಮ್ಮ ಮನೆಯ ತಿಂಗಳ ದಿನಸಿಗಿಂತ ಹೆಚ್ಚು. ಅದನ್ನು ಹೇಳಲು ಮುಖವಿಲ್ಲದೆ ನಾನು ತಿರುಗಿ ಫೋನ್ ಮಾಡಲೇ ಇಲ್ಲ. ಸಮಿತಿಯದ್ದಕ್ಕಿಂತ ಇದು ನನ್ನ ತಪ್ಪು.

ನಮ್ಮ ರಾಜ್ಯಕ್ಕೆ ಈ ಕಥೆ ಹೊಸದಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನ ಬಡ ಕೂಲಿಕಾರ ಕುಟುಂಬಗಳಲ್ಲಿ ಕೀಲು, ಸೊಂಟ ಹಿಡಿದು ನಡೆಯಲಾಗದಂತೆ ಮಾಡುವ ಕಾಯಿಲೆ ಕಾಣಿಸಿತು. ಗದ್ದೆಯ ಏಡಿ ತಿಂದದ್ದು ಕಾರಣವೇ, ಪೈರಿಗೆ ಹೊಡೆದ ಕೀಟನಾಶಕವೇ ಎಂಬ ಅನುಮಾನಗಳಿದ್ದವು. ಅದು ವಂಶವಾಹಿಯಿಂದ ಬರುವುದೆಂದು ಕುಟುಂಬಗಳ ಅಧ್ಯಯನ ತೋರಿಸಿತು. ಇಂದು ವೈದ್ಯಕೀಯ ಗ್ರಂಥಗಳಲ್ಲಿ ಆ ಊರಿನ ಹೆಸರೇ ಕಾಯಿಲೆಯ ಹೆಸರು. ಊರಿನ ಹೆಸರು ಸಮ್ಮೇಳನಕ್ಕೆ ಬರಬಹುದು, ಊರಿನವರು ಬರುವುದು ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ‘ಜೀನೋಮ್ ಇಂಡಿಯಾ’ ಯೋಜನೆಯಲ್ಲಿ 10,000 ಭಾರತೀಯರ ಜೀನೋಮ್ ದತ್ತಾಂಶ ಸಿದ್ಧವಾಗಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ಹೆಮ್ಮೆಯ ಕೆಲಸವೇ. ಆದರೆ ಆ ಸಂಖ್ಯೆಯ ಹಿಂದೆ ತೋಳು ಚಾಚಿದ ಅಷ್ಟೂ ಜನರಿದ್ದಾರೆ.

ವಿಜ್ಞಾನಿಗಳ ಅಳುಕಿನಲ್ಲೂ ಅರ್ಥವಿದೆ. ಇಲಿಯ ಮೇಲೆ ಮಾಡಿದ ಪ್ರಯೋಗದ ಸ್ಲೈಡ್ ನೋಡಿ ಒಬ್ಬ ತಂದೆ ‘ಔಷಧಿ ಸಿಕ್ಕಿಬಿಟ್ಟಿತು’ ಎಂದುಕೊಂಡರೆ? ಇನ್ನೂ ಖಚಿತವಾಗದ ಫಲಿತಾಂಶದ ಬಗ್ಗೆ ತಮ್ಮತಮ್ಮಲ್ಲೇ ಜಗಳವಾಡಲು ಅವರಿಗೂ ಒಂದು ಜಾಗ ಬೇಕು. ಹಾಗಾದರೆ ಅರ್ಧ ದಿನವನ್ನು ಬೇರೆಯೇ ಇಡಿ. ಕನ್ನಡದಲ್ಲಿ ಇರಲಿ, ಬಿಳಿ ಕೋಟು ಕಳಚಿ ಕುರ್ಚಿ ಹಾಕಿಕೊಂಡು ಕೂತು ಉತ್ತರಿಸುವಂತಿರಲಿ. ಅನುವಂಶಿಕ ಆಪ್ತಸಲಹೆಗಾರರು ಇರಲಿ. ಬಸ್ ಚಾರ್ಜನ್ನು ಬಜೆಟ್‌ನಲ್ಲಿ ಮೊದಲೇ ಬರೆದಿಡಿ, ಕೊನೆಯಲ್ಲಿ ಉಳಿದರೆ ಕೊಡೋಣ ಅಂದರೆ ಅದು ಉಳಿಯುವುದಿಲ್ಲ. ಗಾಲಿಕುರ್ಚಿ ಹತ್ತುವ ಇಳಿಜಾರು ಇರುವ ಸಭಾಂಗಣವನ್ನೇ ಹಿಡಿಯಿರಿ. ನಾವು ಹಿಡಿದದ್ದಕ್ಕೆ ಹನ್ನೊಂದು ಮೆಟ್ಟಿಲು, ಬ್ಯಾನರ್ ಕಟ್ಟುವಾಗ ಎಣಿಸಿದ್ದೆ.

ಇದು ಆಗದ ಮಾತೇನಲ್ಲ. 2023ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಮಾನವ ಜೀನೋಮ್ ತಿದ್ದುಪಡಿ ಕುರಿತ ಮೂರನೇ ಅಂತರರಾಷ್ಟ್ರೀಯ ಶೃಂಗಸಭೆ ನಡೆದಾಗ, ವಿಕ್ಟೋರಿಯಾ ಗ್ರೇ ಎಂಬ ಅಮೆರಿಕದ ಮಹಿಳೆ ವಿಜ್ಞಾನಿಗಳೆದುರು ನಿಂತು ಮಾತಾಡಿದರು. ಅವರು ಸಿಕಲ್ ಸೆಲ್ ಕಾಯಿಲೆಯವರು. 2019ರಲ್ಲಿ ಕ್ರಿಸ್ಪರ್ ಚಿಕಿತ್ಸೆಯ ಪ್ರಯೋಗಕ್ಕೆ ದೇಹ ಒಡ್ಡಿದವರು. 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕ ಎರಡೂ ಆ ಚಿಕಿತ್ಸೆಗೆ ಅನುಮತಿ ಕೊಟ್ಟವು. ನಮ್ಮಲ್ಲೂ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳಲ್ಲಿ ಸಿಕಲ್ ಸೆಲ್ ಇದೆ. ಅವರ ಬಗ್ಗೆ ಪೋಸ್ಟರ್ ಆಯ್ಕೆ ಮಾಡುವ ಸಮಿತಿ, ಅವರಲ್ಲೊಬ್ಬರನ್ನು ಮೈಕಿನ ಮುಂದೆ ಕರೆಯಲಾರದೇ?

ಈ ವರ್ಷದ ಸಮ್ಮೇಳನದ ತಯಾರಿ ಶುರುವಾಗಿದೆ. ಫಾರ್ಮ್ ಮತ್ತೆ ನನ್ನ ಕೈಗೇ ಬಂದಿದೆ. ಐದನೇ ಆಯ್ಕೆಯಾಗಿ ‘ರೋಗಿ ಅಥವಾ ಕುಟುಂಬದವರು, ಶುಲ್ಕ: 0’ ಎಂದು ಸೇರಿಸಿ ಸಮಿತಿಗೆ ಕಳಿಸಿದ್ದೇನೆ. ಒಪ್ಪಿಗೆ ಇನ್ನೂ ಬಂದಿಲ್ಲ. ಹಾಸನದವರ ನಂಬರ್ ನನ್ನ ಫೋನಿನಲ್ಲಿ ‘ತೆಂಗಿನ ತೋಟ’ ಎಂಬ ಹೆಸರಿನಲ್ಲಿದೆ. ಒಪ್ಪಿಗೆ ಬಂದರೂ ಬರದಿದ್ದರೂ ಈ ಸಲ ಅವರಿಗೆ ಫೋನ್ ಮಾಡುತ್ತೇನೆ.