ಕಾಲೂ ಕೈಯಾದೀತು

ಹೋದ ಸಂಚಿಕೆಯಲ್ಲಿ ಸಂಡಿಗೆ ವಿಷಯ ಬರೆದವಳು ಈ ಸಲ ಡ್ರಮ್ಮಿನ ವಿಷಯ ಹಿಡಿದಿದ್ದಾಳಲ್ಲ, ಇವಳಿಗೇನಾಯ್ತಪ್ಪ ಅಂತ ನಗಬೇಡಿ, ಸೋದರಿಯರೇ. ಆಗಿದ್ದು ತಲೆಗಲ್ಲ, ಎಡಗೈಗೆ.

ಆಷಾಢದ ಮಳೆಗೆ ಹಿತ್ತಲಿನ ಒಗೆಯುವ ಕಲ್ಲಿನ ಸುತ್ತ ಪಾಚಿ ಕಟ್ಟಿತ್ತು. ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡೆ. ಆರು ವಾರದ ಮೇಲೆ ಪ್ಲಾಸ್ಟರ್ ಬಿಚ್ಚಿದರೆ ಕೈಯೆಲ್ಲ ಮರಗಟ್ಟಿತ್ತು. ನೀರಿನ ಲೋಟ ಎತ್ತಲೂ ಬಾರದು. ದಿನಾ ವ್ಯಾಯಾಮ ಮಾಡಿ, ನಿಧಾನಕ್ಕೆ ಸರಿಹೋಗುತ್ತೆ ಅಂದರು ಡಾಕ್ಟರು. ಆದರೆ ನಮ್ಮನೆಯಲ್ಲಿ ಮುದ್ದೆಯಿಲ್ಲದೆ ರಾತ್ರಿ ಊಟವಿಲ್ಲ. ಮುದ್ದೆ ತಿರುವಲು ಬಲಗೈ ಒಂದೇ ಸಾಲದು, ಎಡಗೈ ಇಕ್ಕಳವನ್ನು ಬಿಗಿಯಾಗಿ ಹಿಡಿದಿರಬೇಕು. ಮಗ ಪಾತ್ರೆ ಹಿಡಿಯುತ್ತಿದ್ದ, ನಾನು ತಿರುವುತ್ತಿದ್ದೆ. ಇದನ್ನು ನೋಡಿ ಇವರು ಒಂದು ದಿನ, "ಇನ್ಮೇಲೆ ಅನ್ನವೇ ಸಾಕು, ಮುದ್ದೆ ಬಿಡು" ಅಂದರು. ಅಂದದ್ದು ಕನಿಕರದಿಂದಲೇ. ಆದರೂ ಇಪ್ಪತ್ತೆರಡು ವರ್ಷ ನಡೆಸಿದ ಒಲೆಗೆ ನಾನು ಬೇಡವಾದೆನೇ ಅನ್ನಿಸಿ, ರಾತ್ರಿಯೆಲ್ಲ ದಿಂಬು ನೆನೆಸಿದೆ.

ನಮ್ಮ ಮಗರಾಯನಿಗೆ ಹೆವಿ ಮೆಟಲ್ ಅನ್ನೋ ಸಂಗೀತದ ಹುಚ್ಚು. ಪಾತ್ರೆ ಅಂಗಡಿಯ ಅಟ್ಟ ಕುಸಿದ ಹಾಗಿರುತ್ತೆ ಅದರ ಅಬ್ಬರ. ಮಾರನೆ ದಿನ ನನ್ನ ಮುಖ ನೋಡಿದವನೇ, "ಅಮ್ಮ, ಇವರನ್ನು ನೋಡು" ಅಂತ ಮೊಬೈಲ್ ಹಿಡಿದ. ಡ್ರಮ್ಮಿನ ಮುಂದೆ ಕೂತು ಬಾರಿಸುತ್ತಿದ್ದ ಆ ಮನುಷ್ಯನಿಗೆ ಎಡಗೈಯೇ ಇಲ್ಲ!

ಅವರ ಹೆಸರು ರಿಕ್ ಅಲೆನ್, ಇಂಗ್ಲೆಂಡಿನವರು. ಡೆಫ್ ಲೆಪರ್ಡ್ ತಂಡಕ್ಕೆ ಡ್ರಮ್ ಬಾರಿಸುವವರು ಬೇಕೆಂಬ ಜಾಹೀರಾತು ನೋಡಿ ಉತ್ತರ ಕೊಟ್ಟದ್ದು ಅವರ ತಾಯಿಯಂತೆ! 1978ರಲ್ಲಿ ತಂಡ ಸೇರಿದಾಗ ಹುಡುಗನಿಗೆ 15 ವರ್ಷ. ಹೆಸರು ಬಂತು, ಹಣ ಬಂತು. 1984ರ ಡಿಸೆಂಬರ್ 31ರಂದು ಶೆಫೀಲ್ಡ್ ಊರಿನ ಹತ್ತಿರ ಕಾರು ಅಪಘಾತವಾಗಿ ಎಡಗೈ ತುಂಡಾಯಿತು. ವೈದ್ಯರು ಮತ್ತೆ ಜೋಡಿಸಿದರೂ ನಂಜೇರಿತು, ತೆಗೆಯಲೇಬೇಕಾಯಿತು. ಆಗ ವಯಸ್ಸು 21.

ಡ್ರಮ್ ಅಂದರೆ ಎರಡು ಕೈಯ ಕೆಲಸ ಅಂತ ನಾನು ತಿಳಿದಿದ್ದೆ. ಅಲ್ಲವಂತೆ. ಬಲಗಾಲು ದೊಡ್ಡ ಡ್ರಮ್ಮಿನ ಪೆಡಲು ತುಳಿಯುತ್ತೆ, ಎಡಗಾಲು ತಾಳದಂಥ ಜೋಡಿ ತಟ್ಟೆಗಳನ್ನು ಕೂಡಿಸುತ್ತೆ, ಕೈಗಳೆರಡರ ಲೆಕ್ಕ ಬೇರೆ. ನಮ್ಮ ಅಜ್ಜಿಯರು ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಮಗು ತೂಗುತ್ತಾ ಕೈಯಲ್ಲಿ ಅಕ್ಕಿ ಆರಿಸುತ್ತಿರಲಿಲ್ಲವೇ, ಹಾಗೆ. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ರಿಕ್ಕಿಗೆ ಹೊಳೆಯಿತು: ಎಡಗೈಯ ಪಾಲನ್ನು ಎಡಗಾಲಿಗೆ ಕೊಟ್ಟರೆ ಹೇಗೆ? ಅದಕ್ಕೆಂದೇ ಎಲೆಕ್ಟ್ರಾನಿಕ್ ಡ್ರಮ್ ಮಾಡಿಸಿ, ಎಡಗಾಲಿನ ಬಳಿ ಸಾಲಾಗಿ ಪೆಡಲು ಇಡಿಸಿಕೊಂಡು ಮೊದಲಿನಿಂದ ಕಲಿತರು.

ತಂಡದವರು ಅವರ ಜಾಗಕ್ಕೆ ಇನ್ನೊಬ್ಬರನ್ನು ತಂದು ಕೂರಿಸಲಿಲ್ಲ, ಕಾದರು. 1986ರಲ್ಲಿ ಮತ್ತೆ ವೇದಿಕೆ ಹತ್ತಿದಾಗ ಆಸರೆಗೆಂದು ಪಕ್ಕದಲ್ಲಿ ಜೆಫ್ ರಿಚ್ ಎಂಬುವರೂ ಡ್ರಮ್ ಬಾರಿಸುತ್ತಿದ್ದರು. ಐರ್ಲೆಂಡಿನ ಒಂದು ಕಾರ್ಯಕ್ರಮಕ್ಕೆ ಆ ಜೆಫ್ ಬರುವುದು ತಡವಾಯಿತು. ರಿಕ್ ಒಬ್ಬರೇ ಬಾರಿಸಿದರು. ಆಮೇಲೆ ಆಸರೆ ಬೇಕಾಗಲಿಲ್ಲ. ಅದೇ ಆಗಸ್ಟ್‌ನಲ್ಲಿ ಡಾನಿಂಗ್ಟನ್‌ನ ದೊಡ್ಡ ಸಂಗೀತೋತ್ಸವದಲ್ಲಿ ಜನಸಾಗರದ ಮುಂದೆ ಬಾರಿಸಿದರು. 1987ರಲ್ಲಿ ಬಂದ 'ಹಿಸ್ಟೀರಿಯಾ' ಧ್ವನಿಮುದ್ರಿಕೆ ಜಗತ್ತಿನಲ್ಲಿ 2 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು.

ನನ್ನ ಇನ್ನೊಬ್ಬ ಮೆಚ್ಚಿನವರು ಐರನ್ ಮೇಡನ್ ತಂಡದ ನಿಕೋ ಮೆಕ್‌ಬ್ರೇನ್. 2007ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದು ಬಾರಿಸಿ ಹೋದವರು. 2023ರ ಜನವರಿಯಲ್ಲಿ, 70ರ ವಯಸ್ಸಿನಲ್ಲಿ, ಅವರಿಗೆ ಪಾರ್ಶ್ವವಾಯು ಬಡಿದು ಬಲಭಾಗ ಸ್ವಾಧೀನ ತಪ್ಪಿತು. ಪಟ್ಟು ಹಿಡಿದು ಅಭ್ಯಾಸ ಮಾಡಿ ಮೇ ತಿಂಗಳಿಗೆಲ್ಲ ತಂಡದ ಜೊತೆ ಊರೂರು ಹೊರಟರು. ಹಿಂದಿನ ಕೆಲವು ವೇಗದ ಪೆಟ್ಟುಗಳು ಕೈಗೆ ಬರಲಿಲ್ಲ. ಅದನ್ನು ಮುಚ್ಚಿಡದೆ, ಬರುವ ರೀತಿಗೆ ಬದಲಿಸಿಕೊಂಡು ಬಾರಿಸಿದರು. 2024ರ ಡಿಸೆಂಬರ್‌ನಲ್ಲಿ ಪ್ರವಾಸ ಸಾಕೆಂದು ತಾವೇ ನಿರ್ಧರಿಸಿ ನಿಂತರು. ಇದೂ ನನಗೆ ದೊಡ್ಡದೆನಿಸಿತು. ಹೋದದ್ದೆಲ್ಲ ತಿರುಗಿ ಬರಬೇಕೆಂದಿಲ್ಲ. ಆದರೆ ಎಲ್ಲಿ ನಿಲ್ಲಬೇಕೆಂಬುದನ್ನು ನಾವೇ ಹೇಳಬೇಕು, ಪಕ್ಕದವರಲ್ಲ.

ಹೋದ ವಾರ ಮಗ ಕಾಲೇಜಿನಿಂದ ಬರುವುದು ತಡವಾಯಿತು. ಹಿಟ್ಟು ಬೆಂದಿತ್ತು. ಪಾತ್ರೆ ಹಿಡಿಯುವವರಿಲ್ಲ. ಅಟ್ಟದ ಮೇಲೆ ನಮ್ಮತ್ತೆಯ ಕಾಲದ ಕವೆಗೋಲು ಇದ್ದದ್ದು ಜ್ಞಾಪಕ ಬಂತು. "ಅದನ್ನೊಂದು ತೆಗೆದುಕೊಡಿ, ಪಾತ್ರೆ ಕೆಳಗಿಳಿಸಿ, ಸಾಕು" ಅಂದೆ ಇವರಿಗೆ. ಮಣೆಯ ಮೇಲೆ ಕೂತು, ಕವೆಗೋಲಿನಲ್ಲಿ ಪಾತ್ರೆ ಸಿಕ್ಕಿಸಿ, ತುದಿಗಳನ್ನು ಎರಡು ಪಾದದಿಂದ ಅದುಮಿ ಹಿಡಿದೆ. ಅತ್ತೆ ಮಾಡುತ್ತಿದ್ದದ್ದೂ ಹೀಗೇ. ಬಲಗೈಯಲ್ಲಿ ಕೋಲು ಹಿಡಿದು ತಿರುವಿದೆ. ಪಾತ್ರೆ ಅಲುಗಲಿಲ್ಲ. ಅಲ್ಲೊಂದು ಇಲ್ಲೊಂದು ಗಂಟು ಉಳಿದಿತ್ತು, ಸುಳ್ಳೇಕೆ ಹೇಳಲಿ? ಇವರು ಮಾತಾಡದೆ ಎರಡು ಮುದ್ದೆ ಉಂಡರು.

ಸೋದರಿಯರೇ, ನಿಮ್ಮ ಮನೆಯಲ್ಲೂ ಕೈಯೋ ಕಾಲೋ ಸೋತವರಿದ್ದರೆ ಅವರ ಕೈಯಿಂದ ಸೌಟು ಕಿತ್ತುಕೊಂಡು "ಬಿಡು" ಅನ್ನಬೇಡಿ. ಸ್ವಲ್ಪ ದಿನ ಪಾತ್ರೆ ಹಿಡಿದುಕೊಳ್ಳಿ. ಆಮೇಲೊಂದು ದಿನ ಬೇಕೆಂದೇ ತಡವಾಗಿ ಬನ್ನಿ.

ನಮ್ಮ ಮಗ ಅವತ್ತು ಬೇಕೆಂದೇ ತಡ ಮಾಡಿದನೋ ಏನೋ, ಕೇಳಿದರೆ ಬರೀ ನಗುತ್ತಾನೆ.